ನಿಮಗಿದು ಗೊತ್ತೇ? ತೊಕ್ಕೊಟ್ಟಿನ ಕುಸ್ವಾರ್ ತಟ್ಟೆಗೆ ಎಲ್ಲೆಲ್ಲಿಂದ ಏನೇನು ಬಂತು

ನೇತ್ರಾವತಿ ಸೇತುವೆ ದಾಟಿ ಕೇರಳದ ಕಡೆ ಹೊರಟರೆ ಮೊದಲು ಸಿಗುವ ದೊಡ್ಡ ಪೇಟೆ ತೊಕ್ಕೊಟ್ಟು. ಎಡಕ್ಕೆ ತಿರುಗಿದರೆ ದೇರಳಕಟ್ಟೆ, ಕೊಣಾಜೆ. ಬಲಕ್ಕೆ ಹೋದರೆ ಉಳ್ಳಾಲದ ಕಡಲು. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲವೂ ಒಂದೇ ಅಂಗಡಿಯ ಮುಂದೆ ಕಿವಿಗೆ ಬೀಳುವ ಊರಿದು. ಪೆರ್ಮನ್ನೂರಿನ ಸಂತ ಸೆಬಾಸ್ಟಿಯನ್ನರ ಚರ್ಚ್ ಇರುವುದೂ ಇಲ್ಲೇ. ಡಿಸೆಂಬರ್ ನಡುವಿಗೆ ಬಂದರೆ ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ತೆಂಗಿನೆಣ್ಣೆಯ ಬಾಣಲೆ ಒಲೆ ಏರುತ್ತದೆ. ಆ ಬಾಣಲೆಯಿಂದ ಇಳಿಯುವ ಒಂದೊಂದು ತಿಂಡಿಯ ಹಿಂದೆಯೂ ಒಂದು ಪ್ರಯಾಣವಿದೆ.

ಕುಸ್ವಾರ್ ಒಂದು ತಿಂಡಿಯ ಹೆಸರಲ್ಲ, ಇಡೀ ಬಳಗದ ಹೆಸರು. ನೆವ್ರ್ಯೊ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡ್ಯೊ, ಚಕ್ಕುಲಿ, ಎಳ್ಳಿನ ಲಾಡು, ಮ್ಯಾಕರೂನ್, ಕೇಕು ಇವೆಲ್ಲ ಸೇರಿದರೆ ಕುಸ್ವಾರ್. ಮನೆಗೊಂದು ಪಟ್ಟಿ, ಮನೆಗೊಂದು ಕೈರುಚಿ. ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ ನೆರೆಮನೆಗೆ ಕಳಿಸುವವರೆಗೂ ಅದು ಪೂರ್ತಿಯಾಗುವುದಿಲ್ಲ. ಪೋರ್ಚುಗಲ್‌ನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಕೊನ್ಸೊಆದಾ ಎನ್ನುತ್ತಾರೆ. ಗೋವಾದಲ್ಲಿ ಅದೇ ಹೆಸರು ಹಬ್ಬದ ತಿಂಡಿಯ ತಟ್ಟೆಯನ್ನು ನೆಂಟರಿಗೂ ನೆರೆಯವರಿಗೂ ಹಂಚುವ ಪದ್ಧತಿಗೆ ನಿಂತಿತು. ಅಲ್ಲಿಂದ ದಕ್ಷಿಣಕ್ಕೆ ಬಂದ ಕೊಂಕಣಿ ಕ್ಯಾಥೊಲಿಕರು ಆ ತಟ್ಟೆಯನ್ನು ಜತೆಗೇ ತಂದರು.

ಅವರು ಒಂದೇ ಸಲಕ್ಕೆ ಬಂದವರಲ್ಲ. 16ರಿಂದ 18ನೇ ಶತಮಾನದವರೆಗೆ ಅಲೆ ಅಲೆಯಾಗಿ ಬಂದರು. ಗೋವಾದಲ್ಲಿ 1560ರಲ್ಲಿ ಶುರುವಾದ ಧಾರ್ಮಿಕ ವಿಚಾರಣೆಯ ಕಾಟ, ಬರ, ಯುದ್ಧ ಹೀಗೆ ಕಾರಣ ಹಲವು. ಭತ್ತದ ಕೃಷಿ ಬಲ್ಲ ಈ ಜನಕ್ಕೆ ಕೆಳದಿ ನಾಯಕರ ಆಳ್ವಿಕೆಯ ಕರಾವಳಿಯಲ್ಲಿ ಭೂಮಿ ಸಿಕ್ಕಿತು. ಕುಸ್ವಾರಿನ ಅರ್ಧಕ್ಕರ್ಧ ತಿಂಡಿ ಅಕ್ಕಿ ಮತ್ತು ತೆಂಗಿನಕಾಯಿಯದ್ದೇ ಆಗಿರುವುದು ಆಕಸ್ಮಿಕವಲ್ಲ.

ಈಗ ನೆವ್ರ್ಯೊ ಕಥೆ ಕೇಳಿ. ಮೈದಾ ಹಾಳೆಯೊಳಗೆ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ, ಗೋಡಂಬಿ ತುಂಬಿ ಅರ್ಧಚಂದ್ರಾಕಾರಕ್ಕೆ ಮಡಿಸಿ ಕರಿದದ್ದು. ಬಯಲುಸೀಮೆಯವರು ನೋಡಿದರೆ ಕರ್ಜಿಕಾಯಿ ಎಂದೇ ಗುರುತಿಸುತ್ತಾರೆ, ಮಹಾರಾಷ್ಟ್ರದವರು ಕರಂಜಿ ಎನ್ನುತ್ತಾರೆ, ಉತ್ತರದವರಿಗೆ ಅದು ಹೋಳಿಯ ಗುಜಿಯಾ. ಇಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಕೊಂಕಣಿ ಹಿಂದೂಗಳು ಗಣೇಶ ಚೌತಿಗೆ ಮಾಡುವುದೂ ಇದನ್ನೇ, ಕರೆಯುವುದೂ ಇದೇ ಹೆಸರಿನಿಂದ. ಧರ್ಮ ಬದಲಾಯಿತು, ಊರು ಬದಲಾಯಿತು, ಹಬ್ಬವೂ ಬದಲಾಯಿತು, ಹೂರಣ ಮಾತ್ರ ಹಾಗೇ ಉಳಿಯಿತು. ಅದು ಸುಲಭದಲ್ಲಿ ಉಳಿದದ್ದಲ್ಲ. 1736ರಲ್ಲಿ ಗೋವಾದ ವಿಚಾರಣಾ ಮಂಡಳಿ ಹೊರಡಿಸಿದ ಆಜ್ಞೆಯಲ್ಲಿ ಮನೆಯಂಗಳದ ತುಳಸಿ ಗಿಡದ ಜತೆಗೆ ಉಪ್ಪು ಹಾಕದೆ ಅನ್ನ ಬೇಯಿಸುವ ಕ್ರಮವೂ ನಿಷಿದ್ಧಗಳ ಪಟ್ಟಿಯಲ್ಲಿತ್ತು, ಹಿಂದೂಗಳು ಹಾಗೆ ಮಾಡುತ್ತಾರೆಂಬ ಕಾರಣಕ್ಕೆ. ಅನ್ನದ ಪಾತ್ರೆಯೊಳಗೂ ಇಣುಕಿದ ಆ ಕಾಲವನ್ನು ದಾಟಿ ಬಂದ ತಿಂಡಿ ಇದು. ಕುಸ್ವಾರಿನಲ್ಲಿ ನನಗೆ ಅತಿ ಹೆಚ್ಚು ಗೌರವವಿರುವುದು ನೆವ್ರ್ಯೊ ಮೇಲೆ.

ಗುಲಾಬಿ ಹೂವಿನಂತೆ ಅರಳುವ ಕೊಕ್ಕಿಸಾಂ ಮಾತ್ರ ಲೋಕವನ್ನೇ ಸುತ್ತಿದೆ. ಉದ್ದ ಕೋಲಿನ ತುದಿಗೆ ಹೂವಿನ ಅಚ್ಚು, ಅಕ್ಕಿಹಿಟ್ಟು ಅಥವಾ ಮೈದಾ, ಮೊಟ್ಟೆ ಮತ್ತು ತೆಂಗಿನ ಹಾಲಿನ ತೆಳು ಹಿಟ್ಟು. ಕೇರಳದ ಸಿರಿಯನ್ ಕ್ರೈಸ್ತರ ಮನೆಯಲ್ಲಿ ಇದೇ ಅಚ್ಚಪ್ಪಂ. ಶ್ರೀಲಂಕಾದಲ್ಲಿ ಇದು ಕೋಕಿಸ್. ಡಚ್ಚರಿಂದ ಬಂದದ್ದೆಂದು ಅಲ್ಲಿನವರು ಹೇಳುತ್ತಾರೆ, ಆದರೆ ಈಗ ಅದು ಏಪ್ರಿಲ್‌ನಲ್ಲಿ ಬರುವ ಸಿಂಹಳ ಹೊಸವರ್ಷದ ತಿಂಡಿ. ಸ್ವೀಡನ್ನಿನಲ್ಲಿ ಇಂಥದೇ ಕಬ್ಬಿಣದ ಅಚ್ಚಿನಲ್ಲಿ ಕ್ರಿಸ್ಮಸ್‌ಗೆ ಸ್ತ್ರೂವಾ ಕರಿಯುತ್ತಾರೆ. ಇರಾನಿನಲ್ಲಿ ನಾನ್ ಪಂಜರೆ, ಮೆಕ್ಸಿಕೊದಲ್ಲಿ ಗಾಳಿಯ ಬುನ್ಯುಯೆಲೊ. ತೊಕ್ಕೊಟ್ಟಿನ ಮನೆಯೊಂದರ ಅಚ್ಚನ್ನು ಒಯ್ದು ಸ್ಟಾಕ್‌ಹೋಮಿನ ಅಜ್ಜಿಯ ಕೈಗೆ ಕೊಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಸಬರ ಕೊಕ್ಕಿಸಾಂ ಅಚ್ಚಿಗೇ ಅಂಟಿಕೊಂಡು ಕೂರುವುದೇಕೆ ಗೊತ್ತೇ? ಅಚ್ಚು ಕಾಯದಿದ್ದರೆ ಹೀಗಾಗುತ್ತದೆ. ಅಚ್ಚನ್ನು ಮೊದಲು ಎಣ್ಣೆಯಲ್ಲೇ ಇಟ್ಟು ಬಿಸಿ ಮಾಡಬೇಕು. ಬಿಸಿ ಲೋಹ ಹಿಟ್ಟಿಗೆ ತಾಗಿದ ಕೂಡಲೇ ತೆಳ್ಳನೆಯ ಪದರವೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮತ್ತೆ ಎಣ್ಣೆಗಿಳಿಸಿದಾಗ ಹಿಟ್ಟಿನ ನೀರು ಹಬೆಯಾಗಿ ಅಚ್ಚಿಗೂ ತಿಂಡಿಗೂ ನಡುವೆ ಜಾಗ ಮಾಡಿಕೊಡುತ್ತದೆ, ಹೂವು ತಾನಾಗಿ ಕಳಚುತ್ತದೆ. ಹಿಟ್ಟಿನಲ್ಲಿ ಅಚ್ಚನ್ನು ಅಂಚಿನವರೆಗೆ ಮಾತ್ರ ಅದ್ದಬೇಕು. ಮೇಲೆ ಹಿಟ್ಟು ಮುಚ್ಚಿಕೊಂಡರೆ ಕಳಚುವ ದಾರಿಯೇ ಇಲ್ಲ.

ಕಿಡಿಯೊ ಮಾಡಲು ಬೇಕಾದ ಮುಖ್ಯ ಉಪಕರಣ ಬಾಚಣಿಗೆ! ಹಬ್ಬಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆ ಅಥವಾ ಫೋರ್ಕಿನ ಬೆನ್ನಿನ ಮೇಲೆ ಹಿಟ್ಟಿನ ಗೋಲಿ ಒತ್ತಿ ಸುರುಳಿ ಸುತ್ತುತ್ತಾರೆ. ಗೆರೆ ಗೆರೆಯ ಈ ಪುಟ್ಟ ಸುರುಳಿಗೆ ಗೋವಾ, ಮುಂಬಯಿಯಲ್ಲಿ ಕುಲ್ಕುಲ್ ಎಂಬ ಹೆಸರು. ಆ ಗೆರೆ ಬರೀ ಅಂದಕ್ಕಲ್ಲ. ಎಣ್ಣೆ ಸಮನಾಗಿ ತಾಗಲು, ಆಮೇಲೆ ಸಕ್ಕರೆ ಪಾಕ ಹಿಡಿದು ನಿಲ್ಲಲು ಅದು ಬೇಕು. ಇಟಲಿಯವರು ನ್ಯೋಕ್ಕಿ ಎಂಬ ಆಲೂಗಡ್ಡೆ ಕಡುಬನ್ನು ಗೆರೆ ಹಲಗೆಯ ಮೇಲೆ ಉರುಳಿಸುವುದೂ ಇದೇ ಕಾರಣಕ್ಕೆ, ಅಲ್ಲಿ ಸಕ್ಕರೆಯ ಬದಲು ಸಾಸ್ ನಿಲ್ಲಬೇಕು, ಅಷ್ಟೇ. ಕಿಡಿಯೊ ಒಬ್ಬರು ಮಾಡಿ ಮುಗಿಸುವ ತಿಂಡಿಯಲ್ಲ. ಮನೆಮಂದಿಯೆಲ್ಲ ಚಾಪೆ ಹಾಸಿ ಕುಳಿತು ಸುತ್ತಬೇಕು.

ಗುಳಿಯೊ ನೋಡಲು ಸಾಧು. ಅಕ್ಕಿಹಿಟ್ಟು, ತೆಂಗಿನ ಹಾಲು, ಸ್ವಲ್ಪ ಜೀರಿಗೆ, ಉರುಟಾದ ಗೋಲಿ. ಆದರೆ ಒಳಗೆ ಹಬೆ ಸಿಕ್ಕಿಕೊಂಡರೆ ಬಾಣಲೆಯಲ್ಲೇ ಸಿಡಿಯುತ್ತದೆ. ಅದಕ್ಕೇ ಹಿರಿಯರು ಮಕ್ಕಳನ್ನು ಸುತ್ತಲು ಮಾತ್ರ ಕೂರಿಸಿ, ಕರಿಯುವಾಗ ದೂರ ಕಳಿಸುವುದು.

ಗೋಡಂಬಿಯ ಹುಟ್ಟೂರು ಯಾವುದು? ಕರಾವಳಿಯವರಿಗೆ ಈ ಪ್ರಶ್ನೆಯೇ ವಿಚಿತ್ರ ಎನಿಸೀತು. ಗುಡ್ಡ ಗುಡ್ಡದಲ್ಲೂ ಗೇರು ಮರ ಕಂಡವರು ನಾವು. ಆದರೂ ಅದು ನಮ್ಮದಲ್ಲ, ಬ್ರೆಜಿಲಿನದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿಯಿತು. ಬಂದ ಮೇಲೆ ನಮ್ಮ ಮುರ ಮಣ್ಣಿಗೆ ಎಷ್ಟು ಒಗ್ಗಿತೆಂದರೆ ತೊಕ್ಕೊಟ್ಟಿನ ಪಕ್ಕದ ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರ ಉಳ್ಳಾಲ-1, ಉಳ್ಳಾಲ-2, ಉಳ್ಳಾಲ-3, ಉಳ್ಳಾಲ-4 ಎಂಬ ತಳಿಗಳನ್ನೇ ಕೊಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರಮಟ್ಟದ ಗೇರು ಸಂಶೋಧನಾ ಕೇಂದ್ರವೂ ಆರಂಭವಾಯಿತು. ಬ್ರೆಜಿಲಿನ ಗಿಡವೊಂದು ನಮ್ಮೂರಿನ ಹೆಸರು ಹೊತ್ತು ದೇಶದ ರೈತರನ್ನು ತಲುಪಿದೆ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಕಡಿಮೆ, ಹೇಳಿಕೊಳ್ಳಬೇಕು.

ಯುರೋಪಿನ ಮ್ಯಾಕರೂನ್ ಮತ್ತು ಮಾರ್ಜಿಪಾನ್ ಎರಡಕ್ಕೂ ಬಾದಾಮಿಯೇ ಆಧಾರ. ಜರ್ಮನಿಯ ಲ್ಯೂಬೆಕ್ ನಗರ ಮಾರ್ಜಿಪಾನಿಗೇ ಹೆಸರುವಾಸಿ. ಆದರೆ ಪೋರ್ಚುಗೀಸರ ನೆರಳು ಬಿದ್ದ ನಮ್ಮ ತೀರದಲ್ಲಿ ಬಾದಾಮಿಯ ಜಾಗಕ್ಕೆ ಗೋಡಂಬಿ ಬಂದು ಕೂತಿತು. ಮಂಗಳೂರು, ಗೋವಾದಲ್ಲಿ ಹೀಗೆ, ತಮಿಳುನಾಡಿನ ತೂತ್ತುಕುಡಿಯಲ್ಲೂ ಹೀಗೆ. ಮೊಟ್ಟೆಯ ಬಿಳಿ, ಸಕ್ಕರೆ, ಗೋಡಂಬಿ ಪುಡಿ, ಮೂರೇ ವಸ್ತುವಿನ ತೂತ್ತುಕುಡಿ ಮ್ಯಾಕರೂನ್ ಇಂದು ಆ ಊರಿನ ಗುರುತು.

ಪೇರಾದ್ ಮಾಡುವ ಪೇರಳೆ ಹಣ್ಣು, ಬಾಫಾತ್ ಪುಡಿಯ ಮೆಣಸಿನಕಾಯಿ, ಅನಾನಸು, ಪಪ್ಪಾಯಿ ಎಲ್ಲವೂ ಹಾಗೇ ಅಮೆರಿಕದ ನೆಲದಿಂದ ಹಡಗೇರಿ ಬಂದವು.

ಇಂಗ್ಲೆಂಡಿನ ಕ್ರಿಸ್ಮಸ್ ಮೇಜಿನ ಮೇಲಿನ ಟರ್ಕಿ ಕೋಳಿಯೂ ಅಮೆರಿಕದ್ದೇ. ಅದು ಭಾರತಕ್ಕೆ ಬಂದ ಸುದ್ದಿ ಚಿತ್ರದ ಮೂಲಕವೂ ಉಳಿದಿದೆ. 1612ರಲ್ಲಿ ಗೋವಾದಿಂದ ತರಿಸಿದ ಅಪರೂಪದ ಪ್ರಾಣಿಪಕ್ಷಿಗಳ ನಡುವೆ ಟರ್ಕಿಯನ್ನು ಕಂಡು ಬೆರಗಾದ ಬಾದಶಹ ಜಹಾಂಗೀರ್ ಅದರ ಚಿತ್ರ ಬರೆಸಿದ. ಬಿಡಿಸಿದವನು ಆಸ್ಥಾನದ ಹೆಸರಾಂತ ಕಲಾವಿದ ಮನ್ಸೂರ್.

ಹೊರಗಿನಿಂದ ಬಂದದ್ದನ್ನೇ ಹೇಳಿದರೆ ಸಾಲದು. ಇಲ್ಲಿಂದ ಹೋದದ್ದೂ ಇದೆ. ಜರ್ಮನಿಯ ನ್ಯೂರೆಂಬರ್ಗಿನ ಲೆಬ್‌ಕುಕನ್, ಮೆಣಸಿನ ಹೆಸರನ್ನೇ ಹೊತ್ತ ಪ್ಫೆಫರ್‌ನ್ಯೂಸ್ಸೆ, ಸ್ವೀಡನ್ನಿನ ಪೆಪ್ಪರ್‌ಕಾಕೊರ್, ಇಂಗ್ಲೆಂಡಿನ ಜಿಂಜರ್‌ಬ್ರೆಡ್ ಇವುಗಳ ಜೀವಾಳ ಶುಂಠಿ, ಚಕ್ಕೆ, ಲವಂಗ, ಏಲಕ್ಕಿ, ಮೆಣಸು. ಮಸಾಲೆ ವ್ಯಾಪಾರದ ದಾರಿಯಲ್ಲಿದ್ದುದರಿಂದಲೇ ನ್ಯೂರೆಂಬರ್ಗಿಗೆ ಆ ಹೆಸರು ಬಂತು. ಅಲ್ಲಿನ ಲೆಬ್‌ಕುಕನ್ ಬೇಕರಿಯವರು 1643ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಅವರ ಹಿಟ್ಟಿಗೆ ಬಿದ್ದ ಕಾಳುಮೆಣಸು ಬೆಳೆಯುತ್ತಿದ್ದುದು ನಮ್ಮ ಘಟ್ಟದ ಬುಡದಲ್ಲಿ. ಅದಕ್ಕೂ ಮೊದಲೇ ಉಳ್ಳಾಲದ ಬಂದರಿನಿಂದ ಅಕ್ಕಿ, ಮೆಣಸು ಹಡಗೇರುತ್ತಿದ್ದವು. ಆ ವ್ಯಾಪಾರವನ್ನು ಪೋರ್ಚುಗೀಸರ ಮುಷ್ಟಿಗೆ ಬಿಡಲೊಲ್ಲದೆ ನಿಂತವಳು ಉಳ್ಳಾಲದ ರಾಣಿ ಅಬ್ಬಕ್ಕ. 1555ರಿಂದ ಮೊದಲ್ಗೊಂಡು ಪೋರ್ಚುಗೀಸರು ಉಳ್ಳಾಲದ ಮೇಲೆ ಮತ್ತೆ ಮತ್ತೆ ಏರಿ ಬಂದರು. ಯುರೋಪಿನ ಕ್ರಿಸ್ಮಸ್ ಬಿಸ್ಕತ್ತಿನ ಘಮದ ಹಿಂದೆ ಇಂಥ ಜಗಳಗಳೂ ಇದ್ದವೆಂಬುದನ್ನು ಮರೆಯಬಾರದು.

ಮಂಗಳೂರಿನ ಪ್ರೊಟೆಸ್ಟಂಟರ ಕ್ರಿಸ್ಮಸ್ಸಿಗೆ ಬೇರೆ ದಾರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಕೊಟ್ಟದ್ದು, 1865ರಲ್ಲಿ ನೇತ್ರಾವತಿ ದಂಡೆಯಲ್ಲಿ ಹಂಚಿನ ಕಾರ್ಖಾನೆ ಕಟ್ಟಿದ್ದು, ಕಿಟ್ಟೆಲ್ ನಿಘಂಟು ಎಲ್ಲ ನಮಗೆ ಗೊತ್ತು. ಆ ಬಾಸೆಲ್ ನಗರಕ್ಕೆ ತನ್ನದೇ ಒಂದು ಚಳಿಗಾಲದ ತಿಂಡಿ ಇದೆ: ಲೆಕ್ಕರ್ಲಿ. ಜೇನು, ಬಾದಾಮಿ, ಸಕ್ಕರೆಯಲ್ಲಿ ಬೆಂದ ಕಿತ್ತಳೆ ಸಿಪ್ಪೆ, ಚಕ್ಕೆ ಲವಂಗ ಹಾಕಿ ಗಟ್ಟಿಯಾಗಿ ಬೇಯಿಸಿದ ಚೌಕ ಬಿಸ್ಕತ್ತು. ಮಸಾಲೆ ಹೊರಟ ತೀರಕ್ಕೆ ಆ ಬಿಸ್ಕತ್ತಿನ ಊರಿನವರು ಬಂದು ನೆಲೆಸಿದರು.

ಬೆಣ್ಣೆಗಾಗಿ ಪೋಪರ ಅನುಮತಿ ಬೇಕಾಗಿದ್ದ ತಿಂಡಿ ಯಾವುದು? ಡ್ರೆಸ್ಡನ್ನಿನ ಸ್ಟೊಲ್ಲನ್. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಉಪವಾಸದ ಕಾಲ, ಬೆಣ್ಣೆ ಮುಟ್ಟುವಂತಿರಲಿಲ್ಲ. ಎಣ್ಣೆ ಹಾಕಿ ಮಾಡಿದ ರೊಟ್ಟಿ ಒಣಗಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸ್ಯಾಕ್ಸನಿಯ ಅರಸರು ಮೊರೆಯಿಟ್ಟರು. 1491ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಪತ್ರ ಬರೆದು ಬೆಣ್ಣೆಗೆ ಒಪ್ಪಿಗೆ ಕೊಟ್ಟರು. ಇತಿಹಾಸದಲ್ಲಿ ಅದಕ್ಕೆ ‘ಬೆಣ್ಣೆ ಪತ್ರ’ ಎಂದೇ ಹೆಸರು. 1730ರಲ್ಲಿ ಅದೇ ಸ್ಯಾಕ್ಸನಿಯ ದೊರೆ ಅಗಸ್ಟಸ್ ತನ್ನ ಸೇನೆಯ ಮಹಾಕೂಟಕ್ಕೆ ಸುಮಾರು 1.8 ಟನ್ ತೂಕದ ಒಂದೇ ಸ್ಟೊಲ್ಲನ್ ಬೇಯಿಸಿದ. ನಮ್ಮ ತೀರದವರಿಗೆ ಇಂಥ ಪತ್ರದ ಅಗತ್ಯವೇ ಬೀಳಲಿಲ್ಲ, ಬೆಣ್ಣೆಯ ಕೆಲಸವನ್ನೆಲ್ಲ ತೆಂಗಿನಕಾಯಿಯೇ ಮಾಡಿತು.

ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಹುಡುಕಬೇಡಿ. ಒಣದ್ರಾಕ್ಷಿಯನ್ನೇ ಇಂಗ್ಲಿಷರು ಹಿಂದೆ ಹಾಗೆ ಕರೆಯುತ್ತಿದ್ದರು.

ಅದು ಮೊದಲು ಕ್ರಿಸ್ಮಸ್ ದಿನದ ಕೇಕೇ ಆಗಿರಲಿಲ್ಲ. ಜನವರಿ 6ರ ಮೂರು ರಾಯರ ಹಬ್ಬದ ಹಿಂದಿನ ರಾತ್ರಿಯ ಕೇಕು ಅದು. ಒಳಗೆ ಒಂದು ಒಣ ಅವರೆಯ ಜಾತಿಯ ಕಾಳು ಅಡಗಿಸಿಡುತ್ತಿದ್ದರು, ಯಾರ ಪಾಲಿಗೆ ಕಾಳು ಬಂತೋ ಆ ರಾತ್ರಿ ಅವರೇ ರಾಜ. ಪೋರ್ಚುಗಲ್‌ನ ಬೋಲೊ ರೇ, ಫ್ರಾನ್ಸಿನ ಗಾಲೆತ್ ದೆ ರುವಾ, ಮೆಕ್ಸಿಕೊದ ರೋಸ್ಕಾ ಇವುಗಳಲ್ಲಿ ಈ ಆಟ ಇವತ್ತಿಗೂ ಜೀವಂತ. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಆ ಹಬ್ಬ ಸೊರಗಿತು, ಕೇಕು ಡಿಸೆಂಬರ್ 25ಕ್ಕೆ ಸರಿದುಕೊಂಡಿತು. ಅದಕ್ಕೂ ಹಿಂದೆ, 1647ರಲ್ಲಿ, ಇಂಗ್ಲೆಂಡಿನ ಸಂಸತ್ತು ಕ್ರಿಸ್ಮಸ್ ಆಚರಣೆಯನ್ನೇ ನಿಷೇಧಿಸಿತ್ತು! ಕಟ್ಟುನಿಟ್ಟಿನ ಪ್ಯೂರಿಟನ್ನರ ಕಾಲ ಅದು.

ಈ ಕೇಕು ನಮ್ಮ ತೀರಕ್ಕೆ ಬಂದ ಬಗೆ? ಮಂಗಳೂರಿನಿಂದ ಅರ್ಧ ದಿನದ ದಾರಿಯೂ ಇಲ್ಲದ ತಲಶ್ಶೇರಿಗೆ ಹೋಗಬೇಕು. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದೊಡೆಯ ಇಂಗ್ಲೆಂಡಿನಿಂದ ತಂದ ಕೇಕೊಂದನ್ನು ಮಂಬಳ್ಳಿ ಬಾಪು ಎಂಬ ಬೇಕರಿಯವನ ಮುಂದಿಟ್ಟು, ಇಂಥದ್ದೇ ಮಾಡಿಕೊಡು ಎಂದನಂತೆ. ಬರ್ಮಾದಲ್ಲಿ ಬಿಸ್ಕತ್ತಿನ ಕೆಲಸ ಕಲಿತು ಬಂದಿದ್ದ ಬಾಪು ಬ್ರಾಂಡಿಯ ಬದಲು ಊರಿನ ಗೇರುಹಣ್ಣಿನ ಮದ್ಯ ಬೆರೆಸಿ ಕೇಕು ಮಾಡಿಕೊಟ್ಟ, ಬ್ರೌನ್ ಮೆಚ್ಚಿ ಇನ್ನಷ್ಟು ಬೇಕೆಂದ ಎಂಬುದು ಆ ಮನೆತನ ಹೇಳಿಕೊಂಡು ಬಂದ ಕಥೆ. ಭಾರತದಲ್ಲಿ ಭಾರತೀಯನೊಬ್ಬ ಬೇಯಿಸಿದ ಮೊದಲ ಕ್ರಿಸ್ಮಸ್ ಕೇಕು ಅದೆಂದು ಹೆಸರಾಗಿದೆ. 1907ರಲ್ಲಿ ಆ ತಲಶ್ಶೇರಿಯ ಕಡೆಯಿಂದಲೇ ಮಲಬಾರಿನ ರೈಲು ಉಳ್ಳಾಲ ದಾಟಿ ಮಂಗಳೂರು ಮುಟ್ಟಿತು. ಉಳ್ಳಾಲ ರೈಲು ನಿಲ್ದಾಣ ಇರುವುದು ತೊಕ್ಕೊಟ್ಟಿನಲ್ಲೇ.

ಸಾಮ್ರಾಜ್ಯವನ್ನೇ ಒಂದು ಪಾತ್ರೆಯಲ್ಲಿ ಬೇಯಿಸಿದ್ದು ಗೊತ್ತೇ? 1927ರಲ್ಲಿ ಬ್ರಿಟಿಷ್ ಸರ್ಕಾರದ ಎಂಪೈರ್ ಮಾರ್ಕೆಟಿಂಗ್ ಬೋರ್ಡ್ ಅರಮನೆಯ ಬಾಣಸಿಗನಿಂದ ಒಂದು ಕ್ರಿಸ್ಮಸ್ ಪುಡಿಂಗಿನ ವಿಧಾನ ಬರೆಸಿ ಹಂಚಿತು. ದ್ರಾಕ್ಷಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ್ದು, ಲವಂಗ ಜಾಂಜಿಬಾರಿನದು, ಚಕ್ಕೆ ಸಿಲೋನಿನದು, ರಮ್ ಜಮೈಕಾದ್ದು, ಬ್ರಾಂಡಿ ಸೈಪ್ರಸ್ಸಿನದು. ಭಾರತದ ಪಾಲು? ಒಂದು ಟೀ ಚಮಚ ಮಸಾಲೆ ಪುಡಿ!

ಓವನ್ ಇಲ್ಲದ ಕಾಲದಲ್ಲಿ ಕೇಕು ಹೇಗೆ ಬೇಯುತ್ತಿತ್ತು? ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಗೆರಟೆಯ ಕೆಂಡ. ರವೆ ಮತ್ತು ತೆಂಗಿನಕಾಯಿಯ ಬಾತ್ ಹೀಗೆ ಬೆಂದದ್ದು. ಗೋವಾದ ಪದರ ಪದರದ ಬೆಬಿಂಕಾ ಕೂಡ ಹೀಗೆಯೇ, ಒಂದು ಪದರ ಕೆಂಪಗಾದ ಮೇಲೆ ಇನ್ನೊಂದು ಸುರಿಯಬೇಕು, ಅರ್ಧ ದಿನ ಕುಳಿತರೂ ಆತುರ ಸಲ್ಲದು. ಅದನ್ನು ಮೊದಲು ಮಾಡಿದವರು ಹಳೆ ಗೋವಾದ ಸಾಂತಾ ಮೋನಿಕಾ ಕಾನ್ವೆಂಟಿನ ಭಗಿನಿ ಎಂಬ ಐತಿಹ್ಯವಿದೆ. ಇನ್ನು ಫಿಲಿಪೀನ್ಸಿಗೆ ಹೋಗಿ: ಡಿಸೆಂಬರ್ 16ರಿಂದ 24ರವರೆಗೆ ನಸುಕಿನ ಪೂಜೆ ಮುಗಿಸಿ ಬರುವವರಿಗಾಗಿ ಚರ್ಚಿನ ಹೊರಗೆ ಬಿಬಿಂಕಾ ಮಾರುತ್ತಾರೆ. ಅಕ್ಕಿಹಿಟ್ಟು, ತೆಂಗಿನ ಹಾಲು, ಕೆಳಗೆ ಬಾಳೆ ಎಲೆ, ಮೇಲೂ ಕೆಳಗೂ ಕೆಂಡ. ಅಕ್ಕಿ, ತೆಂಗು, ಬಾಳೆ ಬೆಳೆಯುವ ಕಡಲತೀರಗಳು ಪರಸ್ಪರ ಕೇಳದೆಯೇ ಒಂದೇ ಅಡುಗೆ ಮಾಡುತ್ತವೆ.

ಹಬ್ಬದ ಮಧ್ಯಾಹ್ನಕ್ಕೆ ಸಾನ್ನಾಂ ಮತ್ತು ಹಂದಿ ಮಾಂಸದ ಬಾಫಾತ್. ಸಾನ್ನಾಂ ಎಂದರೆ ಕಳ್ಳು ಹಾಕಿ ಹುಳಿ ಬರಿಸಿದ ಅಕ್ಕಿಯ ಮೆತ್ತನೆ ಕಡುಬು. ಗೋವಾದಲ್ಲಿ ಇದಕ್ಕೆ ವಿಂದಾಲು ಜೋಡಿ. ವಿಂದಾಲು ಬಂದದ್ದು ಪೋರ್ಚುಗಲ್‌ನಿಂದ, ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಹಾಕಿದ ಮಾಂಸದಿಂದ. ಅದೇ ಅಡುಗೆ ಪೋರ್ಚುಗಲ್‌ನ ಮಡೈರಾ ದ್ವೀಪದಲ್ಲಿ ಇವತ್ತಿಗೂ ಕ್ರಿಸ್ಮಸ್ ಊಟ. 1835ರಿಂದ ಕಬ್ಬಿನ ತೋಟದ ಕೂಲಿಗೆಂದು ಮಡೈರಾದ ಜನ ದಕ್ಷಿಣ ಅಮೆರಿಕದ ಗಯಾನಾಕ್ಕೆ ಹೋದರು, ಅಲ್ಲಿ ಅದು ಬೆಳ್ಳುಳ್ಳಿ ಹಂದಿ ಎಂಬ ಹೆಸರಿನಲ್ಲಿ ಕ್ರಿಸ್ಮಸ್ ಬೆಳಗಿನ ತಿಂಡಿಯಾಯಿತು. ಒಂದೇ ತಾಯಿಯ ಮಕ್ಕಳು, ಒಬ್ಬ ಗೋವಾದಲ್ಲಿ, ಒಬ್ಬ ಗಯಾನಾದಲ್ಲಿ. ಮಲೇಷ್ಯಾದ ಮಲಾಕ್ಕಾದಲ್ಲಿರುವ ಪೋರ್ಚುಗೀಸ್ ಮೂಲದವರ ದೆಬಾಲ್ ಸಾರೂ ಇದೇ ಬಳಗಕ್ಕೆ ಹತ್ತಿರದ್ದು.

ಉಂಡು ಆಚರಿಸುವ ಮುಂಚೆ ಬಿಟ್ಟು ಆಚರಿಸುವವರೂ ಬಹಳ. ಇಥಿಯೋಪಿಯಾದ ಕ್ರೈಸ್ತರು ಜನವರಿ 7ರ ಕ್ರಿಸ್ಮಸ್ಸಿಗೆ ಮೊದಲು 43 ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಕೇರಳದ ಸಿರಿಯನ್ ಕ್ರೈಸ್ತರದು 25 ದಿನಗಳ ನೋಂಬು. ಬೆಳ್ತಂಗಡಿ ಸೀಮೆಯಲ್ಲಿ ನೆಲೆಸಿದ ಅವರ ಮನೆಗಳಲ್ಲಿ ನಡುರಾತ್ರಿ ಪೂಜೆಯ ನಂತರವೇ ಅಪ್ಪಂ, ಸ್ಟ್ಯೂ. ಪೋಲೆಂಡಿನಲ್ಲಿ ಡಿಸೆಂಬರ್ 24ರ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆ ಮಾಂಸವಿಲ್ಲದ 12 ಬಗೆಯ ಊಟ. ಮೇಜಿನಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಟ್ಟಿರುತ್ತಾರೆ, ಕರೆಯದೆ ಬಂದ ಅತಿಥಿಗಾಗಿ. ಜಗತ್ತಿನ ಕ್ರಿಸ್ಮಸ್ ಪದ್ಧತಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಆ ಹೆಚ್ಚಿನ ತಟ್ಟೆ.

ಇನ್ನು ಕೆಲವು, ಚುಟುಕಾಗಿ.

ಜಮೈಕಾದ ಕೆಂಪು ಕ್ರಿಸ್ಮಸ್ ಪಾನೀಯ ಸೊರೆಲ್ ಮಾಡುವುದು ಶುಂಠಿ ಮತ್ತು ಒಂದು ಹೂವಿನ ಕೆಂಪು ಪುಷ್ಪಪಾತ್ರೆಯಿಂದ. ಆ ಗಿಡ ಉತ್ತರ ಕರ್ನಾಟಕದವರು ಪಲ್ಯ ಮಾಡುವ ಕೆಂಪು ಪುಂಡಿ!

ಜಪಾನಿನಲ್ಲಿ ಕ್ರಿಸ್ಮಸ್ ಎಂದರೆ ಕೆಎಫ್‌ಸಿಯ ಕರಿದ ಕೋಳಿ. 1974ರ ಜಾಹೀರಾತು ಪ್ರಚಾರದಿಂದ ಶುರುವಾದ ರೂಢಿ. ಅರ್ಧ ಶತಮಾನದಲ್ಲಿ ಜಾಹೀರಾತೂ ಸಂಪ್ರದಾಯವಾಗುತ್ತದೆ.

ಮೆಕ್ಸಿಕೊದ ಒಆಹಾಕಾ ನಗರದಲ್ಲಿ 1897ರಿಂದ ಪ್ರತಿ ಡಿಸೆಂಬರ್ 23ರಂದು ಮೂಲಂಗಿ ಹಬ್ಬ. ದೈತ್ಯ ಮೂಲಂಗಿಗಳಲ್ಲಿ ಕೊರೆದ ಕ್ರಿಸ್ತಜನನದ ದೃಶ್ಯಗಳು, ತಿನ್ನಲಿಕ್ಕಲ್ಲ, ನೋಡಲಿಕ್ಕೆ.

ಐಸ್‌ಲ್ಯಾಂಡಿನಲ್ಲಿ ಗೋಧಿ ಹಿಟ್ಟು ಅಪರೂಪವಾಗಿತ್ತು. ಹಾಗಾಗಿ ಕ್ರಿಸ್ಮಸ್ ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಚಾಕುವಿನಿಂದ ಎಲೆಯಂಥ ಚಿತ್ತಾರ ಕೊರೆದು ಕರಿಯುತ್ತಾರೆ. ಬಡತನದಿಂದ ಹುಟ್ಟಿದ ಚೆಲುವು ಅದು.

ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಕ್ರಿಸ್ಮಸ್ ರಾತ್ರಿ 13 ಬಗೆ ಸಿಹಿ, ಯೇಸು ಮತ್ತು 12 ಶಿಷ್ಯರ ಲೆಕ್ಕದಲ್ಲಿ.

ಇಟಲಿಯ ಮಿಲಾನಿನ ಪನೆತ್ತೋನೆ ಕೇಕನ್ನು ಅತಿ ಹೆಚ್ಚು ಪ್ರೀತಿಸುವ ದೇಶಗಳಲ್ಲೊಂದು ದಕ್ಷಿಣ ಅಮೆರಿಕದ ಪೆರು. ವಲಸೆ ಹೋದ ಇಟಲಿಯವರು ಒಯ್ದದ್ದು. ಅಲ್ಲಿ ಡಿಸೆಂಬರ್ ಬೇಸಿಗೆ, ಆದರೂ ಜತೆಗೆ ಬಿಸಿ ಚಾಕೊಲೇಟೇ ಬೇಕು.

ಮೇಲೆ ಹೇಳಿದ ಪ್ರೊವಾನ್ಸಿನಲ್ಲೇ ಡಿಸೆಂಬರ್ 4ರ ಸಂತ ಬಾರ್ಬರಾ ದಿನ ತಟ್ಟೆಯಲ್ಲಿ ಗೋಧಿ ನೆನೆಹಾಕಿ ಮೊಳಕೆ ಬರಿಸಿ ಕ್ರಿಸ್ಮಸ್ಸಿಗೆ ಗೋದಲಿಯ ಬಳಿ ಇಡುತ್ತಾರೆ. ನಮ್ಮ ಕಡೆ ಮಕ್ಕಳು ಗೋದಲಿಯ ಸುತ್ತ ಹಸಿರು ಕಾಣಲೆಂದು ರಾಗಿ, ಭತ್ತ ಮೊಳಕೆ ಬರಿಸುತ್ತಾರಲ್ಲ, ಅದೇ. ಗೋದಲಿ ಕಟ್ಟುವ ಪದ್ಧತಿಗೆ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಾಂದಿ ಹಾಡಿದರು.

ಮತ್ತೆ ಕುಸ್ವಾರಿಗೆ ಬರೋಣ. ಫ್ರಿಜ್ ಇಲ್ಲದ ಕಾಲದಲ್ಲೂ ಇದು ವಾರಗಟ್ಟಲೆ ಕೆಡದೆ ಉಳಿಯುತ್ತಿದ್ದುದೇಕೆ? ಕರಿಯುವಾಗ ಹಿಟ್ಟಿನ ನೀರು ಬಹುಪಾಲು ಹೋಗಿಬಿಡುತ್ತದೆ. ಮೇಲಿನ ಸಕ್ಕರೆ ಪಾಕ ಕೈಯಾಡಿಸಿದಂತೆ ಹರಳುಗಟ್ಟಿ ಬಿಳಿ ಕವಚವಾಗುತ್ತದೆ. ತೇವವಿಲ್ಲದಲ್ಲಿ ಬೂಷ್ಟು ಬೆಳೆಯುವುದಿಲ್ಲ. ತಗಡಿನ ಡಬ್ಬಿ ಗಾಳಿಯನ್ನು ತಡೆಯುತ್ತದೆ. ಹೀಗಾಗಿಯೇ ಕುಸ್ವಾರ್ ಮುಂಬಯಿಯ ರೈಲನ್ನೂ ಆಮೇಲೆ ಕೊಲ್ಲಿ ದೇಶಗಳ ವಿಮಾನವನ್ನೂ ಏರಿತು. ದುಬೈ, ಕುವೈತಿನ ಕೋಣೆಗಳಲ್ಲಿ ಹಬ್ಬ ಕಳೆದವರ ಪಾಲಿಗೆ ಆ ಡಬ್ಬಿಯೇ ಊರು.

ಕುಸ್ವಾರ್ ಕರಿಯದ ಮನೆಯೂ ಉಂಟು. ಆ ವರ್ಷ ಸಾವು ಕಂಡ ಮನೆಯಲ್ಲಿ ಹಬ್ಬದ ಬಾಣಲೆ ಇಡುವ ರೂಢಿಯಿಲ್ಲ. ಆದರೆ ಆ ಮನೆಯ ಮಕ್ಕಳ ತಟ್ಟೆ ಬರಿದಾಗುವುದಿಲ್ಲ, ನೆಂಟರು ಮತ್ತು ನೆರೆಯವರು ಕಳಿಸಿಕೊಡುತ್ತಾರೆ. ಕರಾವಳಿಯ ಕ್ರೈಸ್ತರು ಹಿಂದೂ, ಬ್ಯಾರಿ ನೆರೆಮನೆಗಳಿಗೆ ಕೊಟ್ಟ ತಟ್ಟೆಯೂ ಖಾಲಿ ಮರಳುವುದಿಲ್ಲ. ದೀಪಾವಳಿಗೆ, ಈದ್ ಪೆರ್ನಾಳಿಗೆ ಅದೇ ತಟ್ಟೆ ಇನ್ನೊಂದು ಸಿಹಿ ಹೊತ್ತು ವಾಪಸು ಬರುತ್ತದೆ. ಇಷ್ಟು ದೇಶಗಳ ಕಥೆ ಹೇಳಿದೆನಲ್ಲ, ಅವೆಲ್ಲಕ್ಕಿಂತ ದೊಡ್ಡ ವಿಷಯ ಇದೆಂದು ನಾನು ತಿಳಿದಿದ್ದೇನೆ.

ಈಗ ಬೇಕರಿಗಳಲ್ಲಿ ಕುಸ್ವಾರ್ ಪೊಟ್ಟಣವಾಗಿಯೇ ಸಿಗುತ್ತದೆ. ಇಬ್ಬರೂ ದುಡಿಯುವ ಮನೆಗಳಿಗೆ ಅದು ದೊಡ್ಡ ಉಪಕಾರ, ಅದನ್ನು ಹೀಗಳೆಯಲಾಗದು. ಆದರೆ ಪೊಟ್ಟಣದಲ್ಲಿ ಎಲ್ಲ ಮನೆಯ ಗುಳಿಯೊಗೂ ಒಂದೇ ರುಚಿ. ಬಹುತೇಕ ಮನೆಗಳ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಹಿರಿಯ ಹೆಂಗಸರ ಅಂಗೈಯಲ್ಲಿ ಮಾತ್ರ ಇದೆ: ಇಷ್ಟು ಸೇರು ಅಕ್ಕಿ, ಇಷ್ಟು ಕಾಯಿಯ ಹಾಲು, ಹಿಟ್ಟು ಕೈಗೆ ಅಂಟಬಾರದು ಎಂಬಷ್ಟೇ ಲೆಕ್ಕ. ನಿಮ್ಮ ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ಅಂಥವರು ಇದ್ದರೆ ಈ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅವರ ಪಕ್ಕ ಕುಳಿತುಕೊಳ್ಳಿ. ಕಿಡಿಯೊ ಸುತ್ತಲು ಕೈ ಕೊಡಿ, ಅಳತೆ ಕೇಳಿ, ಬರೆದಿಟ್ಟುಕೊಳ್ಳಿ. ಮುಂದಿನ ವರ್ಷಕ್ಕೆ ಮುಂದೂಡಬೇಡಿ.